ನೀಲ್ ಯಂಗ್ ನಾದಕ್ಕೆ ಎರಡು ತಂತಿ ಇಳಿಸಿ: ನನ್ನ ಅನುಭವ

ಕೆನಡಾದ ನೀಲ್ ಯಂಗ್ ಅವರ ಗಿಟಾರ್ ನಾದ ಬೇಕೆನ್ನುವವರು ಮೊದಲು ಕೊಳ್ಳುವುದು ಫಜ್ ಪೆಡಲ್ (ನಾದವನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ). ದುಡ್ಡು ದಂಡ. ನಾನು ಶುರುಮಾಡುವುದು ಶ್ರುತಿಯಿಂದ. 1969ರ ‘ಸಿನಮನ್ ಗರ್ಲ್’, 1970ರ ‘ಓಹಾಯೋ’ ಎರಡು ಹಾಡಿಗೂ ಡಬಲ್ ಡ್ರಾಪ್ ಡಿ ಬೇಕು: 6ನೇ (ಅತಿ ದಪ್ಪ) ಮತ್ತು 1ನೇ (ಅತಿ ತೆಳು) ತಂತಿ ‘ಇ’ಯಿಂದ ‘ಡಿ’ಗೆ ಇಳಿಯುತ್ತವೆ, ನಡುವಿನ ನಾಲ್ಕು ಇದ್ದಂತೆಯೇ.

ಟ್ಯೂನರ್ ಇಲ್ಲದೆಯೂ ಆಗುತ್ತದೆ. 6ನೇ ತಂತಿಯ 12ನೇ ಫ್ರೆಟ್ ಹಾರ್ಮೋನಿಕ್ (ಫ್ರೆಟ್ ಪಟ್ಟಿಯ ಮೇಲೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವ ಸ್ವರ) ಓಪನ್, ಅಂದರೆ ಒತ್ತದೆ ನುಡಿಸಿದ, 4ನೇ ತಂತಿಗೆ ಕೂಡಬೇಕು. 4ನೇ ತಂತಿಯ 12ನೇ ಫ್ರೆಟ್ ಹಾರ್ಮೋನಿಕ್‌ಗೆ ಓಪನ್ 1ನೇ ತಂತಿ. ಕೂಡದಿದ್ದರೆ ನಾದ ಅಲೆಅಲೆಯಾಗಿ ಕೇಳುತ್ತದೆ. ಅಲೆ ನಿಲ್ಲುವವರೆಗೆ ತಿರುಗಿಸಿ. ‘ಡಿ’ಗಿಂತ ತುಸು ಕೆಳಗಿಳಿಸಿ, ಆಮೇಲೆ ಬಿಗಿಯುತ್ತಾ ಮೇಲೆ ಬನ್ನಿ. ಬರೀ ಸಡಿಲಿಸಿ ಬಿಟ್ಟರೆ, ಗಿಟಾರ್ ತಲೆಯ ಬಳಿ ತಂತಿ ಕೂರುವ ಪಟ್ಟಿಯಾದ ನಟ್‌ನಲ್ಲಿ ಸಿಕ್ಕಿಕೊಂಡ ತಂತಿ ನುಡಿಸುತ್ತಿದ್ದಂತೆ ಇನ್ನಷ್ಟು ಜಾರುತ್ತದೆ. ನಟ್‌ನ ಗೀರಿಗೆ ಪೆನ್ಸಿಲ್ ಸೀಸ ಉಜ್ಜಿದರೆ ಈ ಕಾಟ ಕಡಿಮೆ. ತೇಲುವ ಟ್ರೆಮೊಲೊ (ಸ್ಪ್ರಿಂಗ್ ಹಿಡಿದಿಟ್ಟ, ಅಲುಗಾಡುವ ಬ್ರಿಡ್ಜ್) ಇದ್ದರಂತೂ ಸ್ಪ್ರಿಂಗ್ ಗೆದ್ದು ಉಳಿದ ನಾಲ್ಕೂ ತಂತಿ ಏರುತ್ತವೆ. ಆರನ್ನೂ ಎರಡು ಮೂರು ಸುತ್ತು ಸರಿಮಾಡಬೇಕು. 10–46 (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ವ್ಯಾಸ, ಇಂಚಿನ ಸಾವಿರದ ಒಂದಂಶದ ಲೆಕ್ಕದಲ್ಲಿ) ಸೆಟ್‌ನಲ್ಲಿ 6ನೇ ತಂತಿಯ ‘ಡಿ’ ಸಡಿಲ, ಜೋರಾಗಿ ಹೊಡೆದರೆ ಶ್ರುತಿ ಮೇಲೆ ಹಾರುತ್ತದೆ. ನಾನು ಹಾಕುವುದು 10–52.

ಕಾರ್ಡ್‌ಗಳು 6ನೇ ತಂತಿಯಿಂದ 1ನೆಯದರವರೆಗೆ, ಅಂಕಿ ಎಂದರೆ ಒತ್ತುವ ಫ್ರೆಟ್, 0 ಎಂದರೆ ಓಪನ್: ಡಿ5 (ಡಿ, ಎ ಸ್ವರ ಮಾತ್ರ) 0-0-0-2-3-0, ಜಿ 5-5-5-0-0-0, ಇ ಮೈನರ್ 7 ಬೇಕಾದರೆ 2-2-2-0-0-0. ಕಾರ್ಡ್ ಬದಲಾದರೂ 1ನೇ ತಂತಿಯ ‘ಡಿ’ ತಂಬೂರಿಯಂತೆ ಮೊಳಗುತ್ತಲೇ ಇರುತ್ತದೆ. ಹಳೆಯ ಅಭ್ಯಾಸದಲ್ಲಿ ಬೆರಳು ಜಿ ಕಾರ್ಡ್‌ಗೆ 6ನೇ ತಂತಿಯ 3ನೇ ಫ್ರೆಟ್‌ಗೆ ಹೋದರೆ ಕೇಳುವುದು ‘ಎಫ್’.

ಇನ್ನು ಆಂಪ್, ಅಂದರೆ ಗಿಟಾರ್ ಸದ್ದು ಹೆಚ್ಚಿಸುವ ಪೆಟ್ಟಿಗೆ. ಯಂಗ್ ಅವರ ‘ಓಲ್ಡ್ ಬ್ಲ್ಯಾಕ್’, ಕಪ್ಪು ಬಣ್ಣ ಬಳಿದ 1953ರ ಲೆಸ್ ಪಾಲ್ ಗಿಟಾರ್, ಹೋಗಿ ಸೇರುವುದು 1959ರ ಪುಟ್ಟ ಫೆಂಡರ್ ಡಿಲಕ್ಸ್‌ಗೆ. ಸುಮಾರು 15 ವಾಟ್, ಒಂದೇ 12 ಇಂಚಿನ ಸ್ಪೀಕರ್, ಎರಡು ಚಾನೆಲ್‌ಗೆ ಎರಡು ವಾಲ್ಯೂಮ್, ಒಂದು ಟೋನ್. ಗಮ್ಮತ್ತೆಂದರೆ, ಪ್ಲಗ್ ಹಾಕದ ಚಾನೆಲ್‌ನ ವಾಲ್ಯೂಮ್ ತಿರುಗಿಸಿದರೂ ನುಡಿಸುತ್ತಿರುವ ಚಾನೆಲ್‌ನ ನಾದ ಬದಲಾಗುತ್ತದೆ. ವೇದಿಕೆಯಲ್ಲಿ ಆ ನಾಬ್‌ಗಳನ್ನು ಕಾಲಿನಿಂದಲೇ ತಿರುಗಿಸಲು ಅವರು ‘ವಿಝರ್’ ಎಂಬ ಮೋಟಾರು ಯಂತ್ರ ಮಾಡಿಸಿಕೊಂಡಿದ್ದಾರೆ. ಪೂರ್ತಿ ಏರಿಸಿದಾಗ 6ನೇ ತಂತಿಯ ‘ಡಿ’ ಕಲಸಿಹೋದರೆ ಗಿಟಾರ್ ವಾಲ್ಯೂಮನ್ನು 7ಕ್ಕೆ ತನ್ನಿ, ಪೆಡಲ್ ಸೇರಿಸಬೇಡಿ. ಮನೆಯಲ್ಲಿ 15 ವಾಟ್ ಕೂಡ ಕಿವಿಗೆ ಭಾರ. 1 ವಾಟ್‌ನ ವಾಲ್ವ್ ಆಂಪ್ ಸಾಕು.

‘ಸಿನಮನ್ ಗರ್ಲ್’ ಸೋಲೊ ಬಹುಪಾಲು ಒಂದೇ ‘ಡಿ’. ಅದು 1ನೇ ತಂತಿಯ 12ನೇ ಫ್ರೆಟ್‌ನಲ್ಲೂ 2ನೇ ತಂತಿಯ 15ನೇ ಫ್ರೆಟ್‌ನಲ್ಲೂ ಸಿಗುತ್ತದೆ. ಎರಡನ್ನೂ ಒತ್ತಿ, ಒಂದನ್ನು ಮಾತ್ರ ಕೊಂಚ ಎಳೆಯಿರಿ. ಎರಡರ ತಿಕ್ಕಾಟದಲ್ಲೇ ಆ ಗರಗಸದ ಮೊನಚು ಬರುವುದು.