ಕೆನಡಾದಲ್ಲಿ ಮೊದಲನೇ ಸಲ ಮೀನು ಹಿಡಿಯೋಕೆ ಹೋಗೋವಾಗ ಲೇಕು, ರೆಸಾರ್ಟು ಹೇಗೆ ಆರಿಸಿದ್ವಿ – ನನ್ನ ಅನುಭವ

ನಾವಿರೋದು ಅಮೆರಿಕದ ಮಿನಿಯಾಪೊಲಿಸ್ ಹತ್ರ. ಇಲ್ಲಿ ಬೇಸಿಗೆ ಬಂತು ಅಂದ್ರೆ ಆಫೀಸಲ್ಲಿ ಒಬ್ಬರಲ್ಲ ಒಬ್ಬರು ಕೆನಡಾಕ್ಕೆ ವಾಲೈ ಅನ್ನೋ ಮೀನು ಹಿಡಿಯೋಕೆ ಹೋಗ್ತಾನೇ ಇರ್ತಾರೆ, ಹತ್ತು ವರ್ಷದಿಂದ ಅವರ ಕಥೆ ಕೇಳ್ತಿದ್ದೆ, ನಾನು ಮಾತ್ರ ಹೋಗಿರ್ಲಿಲ್ಲ. ಹೋದ ವರ್ಷ ಅಪ್ಪಯ್ಯ ತೀರ್ಥಹಳ್ಳಿಯಿಂದ ಬಂದ್ರು. ತುಂಗೆ ದಂಡೇಲಿ ಗಾಳ ಹಾಕ್ತಾ ಬೆಳೆದೋರು, ಈಗ ಅರವತ್ತೆಂಟು, ಇಲ್ಲಿ ಅಪಾರ್ಟ್‌ಮೆಂಟಲ್ಲಿ ಕಿಟಕಿ ಪಕ್ಕ ಸುಮ್ನೆ ಕೂತಿರೋದನ್ನ ನೋಡಿ ನನಗೆ ಹೊಟ್ಟೆ ಚುರ್ ಅಂತು. ಈ ಸಲ ಹೋಗೋದೇ ಅಂತ ಗಟ್ಟಿ ಮಾಡ್ಕೊಂಡೆ. ನಾನು, ಅಪ್ಪಯ್ಯ, ಭಾವ, ಭಾವನ ಹದಿನಾಲ್ಕು ವರ್ಷದ ಮಗ, ಒಟ್ಟು ನಾಲ್ಕು ಜನ.

ಮೊದಲು ಎಲ್ಲರೂ ಮಾಡೋ ಹಾಗೆ ನಾನೂ ಫೋಟೋ ನೋಡ್ಕೊಂಡು ಶುರು ಮಾಡ್ದೆ. ಯಾರ ಕೈಲಿ ಎಷ್ಟು ದೊಡ್ಡ ಮೀನಿದೆ ಅಂತ ನೋಡೋದು, ಆ ಲೇಕಿನ ಹೆಸರು ಬರ್ಕೊಳ್ಳೋದು. ಲಾಕ್ ಸೂಲ್, ಈಗಲ್ ಲೇಕ್, ರೆಡ್ ಲೇಕ್, ಲೇಕ್ ಆಫ್ ದಿ ವುಡ್ಸ್, ಎಲ್ಲವೂ ಕೆನಡಾದ ಒಂಟಾರಿಯೋ ಪ್ರಾಂತ್ಯದ ವಾಯವ್ಯ ಭಾಗದಲ್ಲಿ, ಎಲ್ಲವೂ ಹೆಸರುವಾಸಿ. ಎರಡು ವಾರ ಆದ್ಮೇಲೆ ನನ್ನ ಹತ್ರ ಹದಿನೈದು ಹೆಸರಿತ್ತು, ಒಂದೂ ತೀರ್ಮಾನ ಆಗಿರ್ಲಿಲ್ಲ. ಆಗ ಭಾವ ಒಂದು ಮಾತು ಹೇಳಿದ್ರು, "ಲೇಕ್ ಆಮೇಲೆ ನೋಡೋಣ ಮಾರಾಯ, ಮೊದ್ಲು ದೋಣೀಲಿ ಕೂರೋರು ಯಾರು ಅಂತ ನೋಡು." ಅಲ್ಲಿಂದ ಎಲ್ಲಾ ಸಲೀಸಾಯ್ತು.

ಯಾಕಂದ್ರೆ ನಮ್ಮಲ್ಲಿ ಯಾರಿಗೂ ಸ್ವಂತ ದೋಣಿ ಇಲ್ಲ, ದೊಡ್ಡ ನೀರಲ್ಲಿ ಮೋಟರ್ ಬೋಟ್ ನಡೆಸಿ ಅಭ್ಯಾಸ ಇರೋದು ನನಗೊಬ್ಬನಿಗೆ, ಅದೂ ಸ್ವಲ್ಪ. ಅಪ್ಪಯ್ಯಂಗೆ ಮಂಡಿ ನೋವು, ಮೂರು ಹೊತ್ತು ಬ್ರೆಡ್ಡು ಬೀನ್ಸು ಕೊಟ್ರೆ ಎರಡನೇ ದಿನಕ್ಕೇ ಸುಸ್ತಾಗ್ತಾರೆ. ಹುಡುಗನಿಗೆ ಸಾಲಾಗಿ ಮೀನು ಕಚ್ತಾ ಇರಬೇಕು, ದೊಡ್ಡದೊಂದಕ್ಕೆ ಅಂತ ಮೂರು ದಿನ ಕಾಯೋ ತಾಳ್ಮೆ ಅವನಿಗೆಲ್ಲಿಂದ ಬರ್ಬೇಕು. ಇಷ್ಟು ಹಾಳೆ ಮೇಲೆ ಬರೆದಿದ್ದಕ್ಕೇ ಅರ್ಧ ಪಟ್ಟಿ ಉದುರಿ ಹೋಯ್ತು. ಫ್ಲೈ-ಇನ್ ಅಂತ ಇರುತ್ತೆ, ನೀರಿನ ಮೇಲೆ ಇಳಿಯೋ ಸಣ್ಣ ವಿಮಾನದಲ್ಲಿ ಕರ್ಕೊಂಡು ಹೋಗಿ ಕಾಡೊಳಗಿನ ಲೇಕಲ್ಲಿ ಬಿಟ್ಟು ಬರ್ತಾರೆ, ಮೀನು ಚೆನ್ನಾಗಿ ಸಿಗುತ್ತೆ ನಿಜ, ಆದ್ರೆ ಖರ್ಚು ಜಾಸ್ತಿ, ಅಪ್ಪಯ್ಯಂಗೆ ರಾತ್ರಿ ಏನಾದ್ರೂ ಆದ್ರೆ ಎದ್ದು ಕಾರಲ್ಲಿ ಹೊರಡೋ ಹಾಗಿಲ್ಲ. ಹಾಗಾಗಿ ರಸ್ತೇಲಿ ಹೋಗಿ ಮುಟ್ಟೋ ಜಾಗವೇ ಬೇಕು. ಊಟದ ವಿಷಯಕ್ಕೆ ಎರಡು ಥರ ಇರುತ್ತೆ, ಅಮೆರಿಕನ್ ಪ್ಲಾನ್ ಅಂದ್ರೆ ಊಟ ಅವರದ್ದೇ, ಹೌಸ್‌ಕೀಪಿಂಗ್ ಕ್ಯಾಬಿನ್ ಅಂದ್ರೆ ಒಲೆ, ಫ್ರಿಜ್, ಪಾತ್ರೆ ಇರುತ್ತೆ, ಅಡಿಗೆ ನಮ್ಮದು. ನಮ್ಮಂಥೋರಿಗೆ ಎರಡನೇದೇ ಸರಿ, ಇದ್ರಲ್ಲಿ ನನಗೆ ಅನುಮಾನವೇ ಇಲ್ಲ.

ಕೊನೆಗೆ ಉಳಿದಿದ್ದು ಲೇಕ್ ಆಫ್ ದಿ ವುಡ್ಸ್. ಮೊದಲು ನಾನೇ ಬೇಡ ಅಂದಿದ್ದೆ. ಒಂಟಾರಿಯೋ, ಮ್ಯಾನಿಟೋಬ, ಮಿನೆಸೋಟ ಮೂರಕ್ಕೂ ಹರಡಿರೋ ನೀರು, ದ್ವೀಪಗಳೇ 14,000ಕ್ಕೂ ಹೆಚ್ಚು, ಹೊಸಬರು ದಾರಿ ತಪ್ಪೋದಕ್ಕೆ ಇನ್ನೇನು ಬೇಕು. ಆಮೇಲೆ ಮ್ಯಾಪ್ ಹಾಕ್ಕೊಂಡು ನೋಡ್ದಾಗ ಗೊತ್ತಾಗಿದ್ದು ಏನಂದ್ರೆ ಇಂಥ ಲೇಕನ್ನ ಒಂದೇ ಲೇಕು ಅಂತ ನೋಡಬಾರದು, ಒಂದೊಂದು ಕೊಲ್ಲಿಯೂ ಬೇರೆ ಬೇರೆ ಲೇಕಿದ್ದ ಹಾಗೆ. ಸೂ ನ್ಯಾರೋಸ್ ಅನ್ನೋ ಊರಿನ ಕಡೆ ಇರೋ ವೈಟ್‌ಫಿಶ್ ಬೇ ತಿಳಿನೀರು, ಆಳ, ಲೇಕ್ ಟ್ರೌಟ್ ಮೀನು ಇರೋ ಜಾಗ. ನೆಸ್ಟರ್ ಫಾಲ್ಸ್ ಊರಿನ ಕಡೆ ಇರೋ ಸಬಾಸ್ಕಾಂಗ್ ಬೇ ಆಳ ಕಮ್ಮಿ, ನೀರು ಸ್ವಲ್ಪ ಟೀ ಬಣ್ಣ, ವಾಲೈಗೆ ಹೇಳಿ ಮಾಡ್ಸಿದ್ದು, ಜೊತೆಗೆ ಪೈಕ್, ಸ್ಮಾಲ್‌ಮೌತ್ ಬಾಸ್, ಮಸ್ಕಿ ಮೀನುಗಳೂ ಇರುತ್ತೆ. ವಾಲೈ ಕಣ್ಣು ಕತ್ತಲೆಗೆ ಹೊಂದ್ಕೊಂಡಿರೋದು, ಕಣ್ಣೊಳಗೆ ಬೆಳಕು ವಾಪಸ್ ಹೊಡೆಯೋ ಪದರ ಇರುತ್ತೆ, ಹಾಗಾಗಿ ಬಣ್ಣದ ನೀರಲ್ಲಿ ಅದು ಹಗಲಲ್ಲೂ ಕಚ್ಚುತ್ತೆ, ತಿಳಿನೀರಲ್ಲಾದ್ರೆ ಬೆಳಗಿನ ಜಾವ, ಸಂಜೆ ಹೊತ್ತೇ ಕಾಯಬೇಕು. ಮಂಡಿ ನೋವಿರೋ ಅಪ್ಪಯ್ಯನ್ನ ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸೋದು ಬೇಡ ಅಂತ ನಾನು ಬಣ್ಣದ ನೀರು ಆರಿಸ್ದೆ.

ಇನ್ನು ರೆಸಾರ್ಟು. ಐದು ಕಡೆ ಫೋನ್ ಮಾಡ್ದೆ. ಮೆಸೇಜ್ ಮಾಡ್ಬೇಡಿ, ಫೋನೇ ಮಾಡಿ, ಮಾತಾಡೋ ರೀತೀಲೇ ಗೊತ್ತಾಗುತ್ತೆ. "ಮೀನು ಚೆನ್ನಾಗಿ ಸಿಗುತ್ತಾ" ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ, ಅದನ್ನ ಕೇಳೋದೇ ವ್ಯರ್ಥ. ನಾನು ಕೇಳಿದ್ದು ಹೀಗೆ: ಜೂನ್ ಎರಡನೇ ವಾರ ನಿಮ್ಮ ಬಾಡಿಗೆ ದೋಣೀಲಿ ಹೋಗೋ ಹೊಸಬರು ಎಲ್ಲಿ ಹಿಡೀತಾರೆ, ದೋಣಿ ಕಟ್ಟೋ ಡಾಕಿಂದ ಅಲ್ಲಿಗೆ ಎಷ್ಟು ನಿಮಿಷ, ಗಾಳಿ ಜೋರಾದ್ರೆ ದ್ವೀಪದ ಮರೇಲಿ ಕೂತು ಹಿಡಿಯೋ ಜಾಗ ಹತ್ರ ಇದೆಯಾ, ದೋಣೀಲಿ ನೀರೊಳಗಿನ ಮೀನು ತೋರಿಸೋ ಫಿಶ್ ಫೈಂಡರ್ ಇದೆಯಾ, ಕಲ್ಲಿಗೆ ಪ್ರೊಪೆಲ್ಲರ್ ತಾಗಿದ್ರೆ ಯಾರು ದುಡ್ಡು ಕೊಡಬೇಕು, ಮೀನು ಕ್ಲೀನ್ ಮಾಡೋಕೆ ಶೆಡ್ ಇದೆಯಾ, ಕ್ಯಾಬಿನ್ನಿಂದ ಡಾಕಿಗೆ ಎಷ್ಟು ಮೆಟ್ಟಿಲು. ಒಂದು ಕಡೆ ಎರಡು ಪ್ರಶ್ನೆಗೇ ಬೇಜಾರು ಮಾಡ್ಕೊಂಡು ರೇಟ್ ಹೇಳಿ ಫೋನ್ ಇಟ್ಟುಬಿಟ್ರು. ಇನ್ನೊಂದು ಕಡೆ ಮಾಲೀಕರ ಹೆಂಡತಿ ಇಪ್ಪತ್ತು ನಿಮಿಷ ಮಾತಾಡಿದ್ರು, ನಿಮ್ಮ ತಂದೆಗೆ ಮೆಟ್ಟಿಲಿಲ್ಲದ ಮೂರನೇ ಕ್ಯಾಬಿನ್ ಕೊಡ್ತೀನಿ, ಮೊದಲ ದಿನ ಒಬ್ಬ ಗೈಡ್ ಇಟ್ಕೊಳಿ, ಮಿಕ್ಕ ದಿನ ನೀವೇ ಹೋಗ್ಬಹುದು ಅಂದ್ರು. ಅಲ್ಲೇ ಅಡ್ವಾನ್ಸ್ ಕಟ್ದೆ. ಆ ಗೈಡ್ ದುಡ್ಡು ನಮ್ಮ ಟ್ರಿಪ್ಪಲ್ಲೇ ಅತಿ ಸಾರ್ಥಕ ಆದ ಖರ್ಚು, ಅವರು ಮ್ಯಾಪಲ್ಲಿ ಗುರುತು ಹಾಕಿ ಕೊಟ್ಟ ಜಾಗಗಳಲ್ಲೇ ವಾರ ಪೂರ್ತಿ ಹಿಡಿದ್ವಿ.

ವಾರ ಆರಿಸೋದೂ ಲೇಕ್ ಆರಿಸಿದಷ್ಟೇ ಮುಖ್ಯ. ಆ ಕಡೆ ವಾಲೈ ಸೀಸನ್ ಮೇ ಮೂರನೇ ಶನಿವಾರ ತೆರೆಯುತ್ತೆ. ಮೇ, ಜೂನಲ್ಲಿ ಮೀನು ಆಳ ಇಲ್ಲದ ಕಡೆ, ದಡದ ಹತ್ರ ಇರುತ್ತೆ, ಹೊಸಬರಿಗೆ ಹುಡುಕೋದು ಸುಲಭ, ಜುಲೈ ಆಗಸ್ಟಲ್ಲಿ ನಡು ನೀರಿನ ಕಲ್ಲುದಿಬ್ಬಗಳಿಗೆ ಇಳಿಯುತ್ತೆ. ಆದ್ರೆ ಜೂನಲ್ಲಿ ಬ್ಲಾಕ್ ಫ್ಲೈ ಅನ್ನೋ ಕಚ್ಚೋ ನೊಣ, ಸೊಳ್ಳೆ ವಿಪರೀತ, ತಲೆಗೆ ಹಾಕ್ಕೊಳ್ಳೋ ಬಲೆ ತಗೊಂಡು ಹೋಗದೆ ಹೋಗ್ಬೇಡಿ.

ಪೇಪರ್ ಕೆಲಸ ಮಾತ್ರ ನಮ್ಮೋರು ಮೂರು ತಿಂಗಳು ಮುಂಚೆ ಶುರು ಮಾಡ್ಬೇಕು. ಇಂಡಿಯನ್ ಪಾಸ್‌ಪೋರ್ಟ್ ಇದ್ರೆ ಅಮೆರಿಕದ ವೀಸಾ ಇದ್ರೂ ಕೆನಡಾದ ವಿಸಿಟರ್ ವೀಸಾ ಬೇಕೇ ಬೇಕು, ಅಪ್ಪಯ್ಯಂಗೆ ನಾವು ಇಲ್ಲೇ ಬಯೋಮೆಟ್ರಿಕ್ ಕೊಡಿಸಿ ಮಾಡ್ಸಿದ್ವಿ. ಗ್ರೀನ್ ಕಾರ್ಡ್ ಇರೋರಿಗೆ ಆ ವೀಸಾ ಬೇಡ, ಪಾಸ್‌ಪೋರ್ಟು ಕಾರ್ಡು ಎರಡೂ ಇಟ್ಕೊಂಡಿರ್ಬೇಕು. ಕುಡಿದು ಗಾಡಿ ಓಡಿಸಿದ ಕೇಸ್ ಯಾರ ಮೇಲಾದ್ರೂ ಇದ್ರೆ ಗಡೀಲಿ ವಾಪಸ್ ಕಳಿಸ್ಬಹುದು, ಗುಂಪು ಮಾಡೋವಾಗ್ಲೇ ಕೇಳ್ಕೊಳಿ. ಮೀನಿನ ಲೈಸೆನ್ಸಿಗೆ ಔಟ್‌ಡೋರ್ಸ್ ಕಾರ್ಡ್ ಅಂತ ಮೊದಲು ಮಾಡಿಸ್ಬೇಕು, ಆಮೇಲೆ ಸ್ಪೋರ್ಟ್ ಇಲ್ಲ ಕನ್ಸರ್ವೇಶನ್, ಎರಡರಲ್ಲಿ ಒಂದು ಲೈಸೆನ್ಸ್. ಅರವತ್ತೈದು ದಾಟಿದೋರಿಗೆ ಬೇಡ ಅನ್ನೋದು ಕೆನಡಾದವರಿಗೆ ಮಾತ್ರ, ಅಪ್ಪಯ್ಯಂಗೆ ತಗೊಳ್ಳಲೇಬೇಕಾಯ್ತು. ನಾವು ಕನ್ಸರ್ವೇಶನ್ನೇ ತಗೊಂಡ್ವಿ, ಕಮ್ಮಿ ದುಡ್ಡು, ಇಟ್ಕೊಳ್ಳೋ ಮೀನೂ ಕಮ್ಮಿ, ತಿನ್ನೋದಕ್ಕೆ ಅಷ್ಟು ಸಾಕು. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಕೊಳ್ಬಹುದು ಅನ್ನೋದು ಝೋನಿಗೊಂದು, ಕೆಲವು ಲೇಕಿಗೇ ಬೇರೆ ಇರುತ್ತೆ, ಆ ವರ್ಷದ ನಿಯಮದ ಪುಸ್ತಕ ಓದಿ ಹೋಗಿ. ಗಾಳಕ್ಕೆ ಚುಚ್ಚೋ ಮಿನ್ನೋ ಅನ್ನೋ ಸಣ್ಣ ಮೀನು, ಜಿಗಣೆ, ಇವನ್ನ ಜೀವಂತವಾಗಿ ಗಡಿ ದಾಟಿಸೋ ಹಾಗಿಲ್ಲ. ಎರೆಹುಳ ಒಯ್ಯಬಹುದು, ಮಣ್ಣಲ್ಲಿ ಇಟ್ಟು ಅಲ್ಲ, ಅಂಗಡೀಲಿ ಸಿಗೋ ಬೆಡ್ಡಿಂಗಲ್ಲಿ. ನಾವು ಎಲ್ಲಾ ಅಲ್ಲೇ ರೆಸಾರ್ಟಲ್ಲಿ ಕೊಂಡ್ವಿ.

ಇಂಟರ್‌ನ್ಯಾಷನಲ್ ಫಾಲ್ಸಲ್ಲಿ ಗಡಿಯ ಸೇತುವೆ ದಾಟಿ, ಆಚೆ ಕಡೆಯ ಊರು ಫೋರ್ಟ್ ಫ್ರಾನ್ಸಿಸಲ್ಲಿ ತರಕಾರಿ ತಗೊಂಡು, 71ನೇ ಹೈವೇ ಹಿಡಿದು ಸಂಜೆಗೆ ಮುಟ್ಟಿದ್ವಿ. ಮಾರನೇ ದಿನ ಗೈಡ್ ಕಾಲು ಔನ್ಸಿನ ಜಿಗ್ಗಿಗೆ, ಅಂದ್ರೆ ತೂಕದ ಗುಂಡಿರೋ ಗಾಳಕ್ಕೆ, ಮಿನ್ನೋ ಚುಚ್ಚಿ ಕೊಟ್ಟು, ತಳ ಮುಟ್ಟಿಸಿ ಸ್ವಲ್ಪ ಎತ್ತಿ ಎತ್ತಿ ಇಡೋದು ತೋರಿಸಿದ್ರು. ಅಪ್ಪಯ್ಯಂಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದ್ರೆ ದಾರ ಬೆರಳ ಮೇಲೆ ಇಟ್ಕೊಂಡು ಕೂತ್ರು ನೋಡಿ, ಹತ್ತು ನಿಮಿಷಕ್ಕೆ "ಹಿಡೀತು ಕಾಣು" ಅಂದ್ರು. ಮೊದಲ ವಾಲೈ ಅವರದ್ದೇ. ಮೂರನೇ ದಿನ ಮಧ್ಯಾಹ್ನ ಗಾಳಿ ಎದ್ದು ಅಲೆ ದೋಣಿ ಅಂಚಿಗೆ ಹೊಡೆಯೋಕೆ ಶುರುವಾಯ್ತು, ಹುಡುಗನ ಮುಖ ಬಿಳುಚ್ಕೊಂಡಿತ್ತು, ನನ್ನ ಕೈಯೂ ನಡುಗ್ತಿತ್ತು. ದ್ವೀಪದ ಹಿಂದೆ ಹೋಗಿ ಎರಡು ಗಂಟೆ ಕೂತ್ವಿ. ಆ ಮರೆ ಐದು ನಿಮಿಷದಲ್ಲಿ ಸಿಕ್ಕಿದ್ದು ಫೋನಲ್ಲಿ ಆ ಪ್ರಶ್ನೆ ಕೇಳಿದ್ದಕ್ಕೆ.

ದೊಡ್ಡದೆಲ್ಲಾ ವಾಪಸ್ ಬಿಟ್ವಿ, ಮೊಟ್ಟೆ ಇಡೋ ಮೀನು ಅವು, ಜೊತೆಗೆ ದೊಡ್ಡ ಮೀನಲ್ಲಿ ಪಾದರಸ ಜಾಸ್ತಿ ಸೇರಿರುತ್ತೆ. ತೀರ್ಥಹಳ್ಳಿ ಹತ್ರದ ಚಿಬ್ಬಲಗುಡ್ಡೆ ಮತ್ಸ್ಯಧಾಮ ನೋಡಿರೋ ಅಪ್ಪಯ್ಯಂಗೆ ಅದನ್ನ ಬಿಡಿಸಿ ಹೇಳ್ಬೇಕಾಗಿರ್ಲಿಲ್ಲ, ಬಗ್ಗಿ ಎರಡೂ ಕೈಲಿ ಹಿಡಿದು, ಅದು ಬಾಲ ಬಡಿಯೋ ತನಕ ನೀರಲ್ಲೇ ಇಟ್ಕೊಂಡು ಆಮೇಲೆ ಬಿಡ್ತಿದ್ರು. ಸಣ್ಣ ವಾಲೈ ರಾತ್ರಿ ಮೆಣಸಿನಪುಡಿ ಹುಣಸೆಹುಳಿ ಹಚ್ಚಿ ರವೆ ಫ್ರೈ, ಬಿಳಿ ಮಾಂಸ, ಮುಳ್ಳಿಲ್ಲ, ಕಾಣೆ ಮೀನು ತಿಂದ ಹಾಗೇ ಅಂದ್ರು. ಮನೆಗೆ ತರೋ ಫಿಲೆಟ್ಟಲ್ಲಿ ಚರ್ಮದ ತುಂಡು ಬಿಟ್ಟಿರ್ಬೇಕು, ಎಷ್ಟಿದೆ ಅಂತ ಎಣಿಸೋ ಹಾಗೆ ಪ್ಯಾಕ್ ಮಾಡಿರ್ಬೇಕು, ಇಲ್ಲಾಂದ್ರೆ ದಾರೀಲಿ ಅಧಿಕಾರಿಗಳು ತಡೆದಾಗ ತೊಂದರೆ.

ಹೊರಡೋ ದಿನ ಕೌಂಟರಲ್ಲಿ ಲೆಕ್ಕ ಮುಗಿಸ್ತಿರೋವಾಗ ಅಪ್ಪಯ್ಯ ಹಿಂದಿಂದ ಮೆಲ್ಲಗೆ, "ಆ ಮೂರನೇ ಕ್ಯಾಬಿನ್ನೇ ಹೇಳಿಬಿಡು" ಅಂದ್ರು. ಮುಂದಿನ ಜೂನಿಗೆ ಅಲ್ಲೇ ಅಡ್ವಾನ್ಸ್ ಕಟ್ಟಿ ಬಂದೆ.