ಮಸುಕು ಅಂಚಿನ ಕೆರೆಗೆ ಡೇಟಾಬೇಸ್ ನಿಯಮ ಬರೆಯುವುದು ಹೇಗೆ

ಕೆರೆಯ ನೀರಿನ ಅಂಚು ಏಪ್ರಿಲ್‌ನಲ್ಲಿ ಒಂದು ಕಡೆ, ಕೋಡಿ ಬಿದ್ದ ದಿನ ಇನ್ನೊಂದು ಕಡೆ. ಅದನ್ನು ಒಂದೇ ಪಾಲಿಗನ್‌ನಲ್ಲಿ (ನಕ್ಷೆಯ ಮುಚ್ಚಿದ ಆಕೃತಿ) ಕೂರಿಸಿದರೆ ‘ಬೆಳೆ ತಾಕು ನೀರಿನೊಳಗೆ ಇರಕೂಡದು’ ಎಂಬ ನಿಯಮ ಸರಿಯಿದ್ದುದಕ್ಕೂ ತಕರಾರು ತೆಗೆಯುತ್ತದೆ. ಪೋಸ್ಟ್‌ಜಿಐಎಸ್‌ನಲ್ಲಿ (ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ನಕ್ಷೆಯ ಆಕೃತಿಗಳನ್ನು ಇಡುವ ವಿಸ್ತರಣೆ) ಎರಡು ಕಾಲಂ ಇಡಿ: ಕನಿಷ್ಠ (ಕಡು ಬೇಸಿಗೆಯಲ್ಲೂ ನೀರಿರುವ ಜಾಗ), ಗರಿಷ್ಠ (ನೀರು ಕೋಡಿ ಮಟ್ಟಕ್ಕೆ ನಿಂತಾಗ ಹರಡುವ ಜಾಗ). ಕೋನ್ ಮತ್ತು ಗಾಟ್ಸ್ 1996ರಲ್ಲಿ ವಿವರಿಸಿದ ‘ಎಗ್-ಯೋಕ್’ ಮಾದರಿ ಇದೇ: ಕನಿಷ್ಠ ಮೊಟ್ಟೆಯ ಹಳದಿ, ಗರಿಷ್ಠ ಇಡೀ ಮೊಟ್ಟೆ. ಸರ್ವೆ ನಕ್ಷೆಯ ಕೆರೆ ಗಡಿ ಖಚಿತವಾದದ್ದು. ಅದನ್ನು ಇದರೊಂದಿಗೆ ಬೆರೆಸಬೇಡಿ.

ಮೊದಲ ನಿಯಮ: ಕನಿಷ್ಠವು ಗರಿಷ್ಠದೊಳಗೇ ಇರಬೇಕು. ಚೆಕ್ ಕನ್‌ಸ್ಟ್ರೇಂಟ್‌ನಲ್ಲಿ (ಟೇಬಲ್‌ನ ಪ್ರತಿ ಸಾಲೂ ಪಾಲಿಸಬೇಕಾದ ಷರತ್ತು) ಎಸ್‌ಟಿ_ಕವರ್ಡ್‌ಬೈ ಸಾಕು; ಒಂದು ಆಕೃತಿ ಇನ್ನೊಂದರ ಹೊರಗೆ ಚಾಚಿಲ್ಲವೇ ಎಂದು ಅದು ನೋಡುತ್ತದೆ. ಅಂಚೂ ತಾಗಬಾರದು ಎನ್ನುವ ಎಸ್‌ಟಿ_ಕಂಟೇನ್ಸ್‌ಪ್ರಾಪರ್ಲಿ ಬೇಡ, ಕೆರೆ ಏರಿಯ ಬದಿಯಲ್ಲಿ ಎರಡರ ಅಂಚೂ ಒಂದೇ, ಅಲ್ಲಿ ಅದು ಸೋಲುತ್ತದೆ. ಪೂರ್ತಿ ಬತ್ತುವ ಕೆರೆಗೆ ಕನಿಷ್ಠ ಖಾಲಿ ಜ್ಯಾಮಿತಿ. ಆಗ ಕವರ್ಡ್‌ಬೈ ‘ಸುಳ್ಳು’ ಎನ್ನುತ್ತದೆ, ಆದ್ದರಿಂದ ‘ಎಸ್‌ಟಿ_ಈಸ್‌ಎಂಪ್ಟಿ ಅಥವಾ’ ಎಂದು ಮುಂದೆ ಸೇರಿಸಿ. ನಲ್ (ಮೌಲ್ಯವೇ ತುಂಬದ್ದು) ಬಿಟ್ಟರೆ ಚೆಕ್ ಸದ್ದಿಲ್ಲದೆ ಪಾಸ್ ಆಗುತ್ತದೆ; ಎರಡೂ ಕಾಲಂ ನಾಟ್ ನಲ್ ಇರಲಿ.

ಏರಿಯನ್ನು ಎರಡು ಸಲ ಡಿಜಿಟೈಸ್ ಮಾಡಿದರೆ ಎಳೆಯಷ್ಟು ತೆಳ್ಳನೆಯ ತುಂಡುಗಳು ಹೊರಗೆ ಉಳಿದು ನಿಯಮ ಮುರಿಯುತ್ತದೆ. ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನ ಟ್ರೇಸಿಂಗ್‌ನಿಂದ (ಇರುವ ಅಂಚಿನ ಮೇಲೇ ಗೆರೆ ಎಳೆಯುವ ಸೌಲಭ್ಯ) ಗರಿಷ್ಠದ ಬಿಂದುಗಳನ್ನೇ ಬಳಸಿ. ಆಗದಿದ್ದರೆ ಎಸ್‌ಟಿ_ಡಿಫರೆನ್ಸ್‌ನ (ಕನಿಷ್ಠದಲ್ಲಿ ಗರಿಷ್ಠದ ಹೊರಗೆ ಉಳಿದ ಭಾಗ) ವಿಸ್ತೀರ್ಣ 1 ಚದರ ಮೀಟರ್ ಒಳಗಿರಲಿ ಎಂದು ಬರೆಯಿರಿ. ಅದಕ್ಕೆ ಮೀಟರ್‌ನಲ್ಲಿ ಅಳೆಯುವ ಪ್ರೊಜೆಕ್ಷನ್ ಬೇಕು, ಅದರ ಇಪಿಎಸ್‌ಜಿ ಸಂಕೇತ: ಬೆಂಗಳೂರಿಗೆ 32643, ಕೋಲಾರ ಪಟ್ಟಣಕ್ಕೆ 32644.

ಈಗ ಬೆಳೆ ತಾಕು. ತಾಕಿನ ಒಳಭಾಗ ಕನಿಷ್ಠದ ಒಳಭಾಗಕ್ಕೆ ಬಿದ್ದರೆ ತಿರಸ್ಕರಿಸಿ. ಗರಿಷ್ಠಕ್ಕೆ ಮಾತ್ರ ಬಿದ್ದರೆ ಸೇರಿಸಿಕೊಂಡು ‘ಪರಿಶೀಲನೆ’ ಗುರುತು ಹಾಕಿ. ನೀರಿಳಿದ ಅಂಗಳದಲ್ಲಿ ಬೇಸಿಗೆ ಬೆಳೆ ಇರಬಹುದು. ಎಸ್‌ಟಿ_ಇಂಟರ್‌ಸೆಕ್ಟ್ಸ್ ಒಂದೇ ಸಾಲದು, ಅಂಚು ತಾಗಿದರೂ ಅದು ‘ಹೌದು’ ಎನ್ನುತ್ತದೆ. ಅದರ ಜೊತೆಗೆ ಎಸ್‌ಟಿ_ರಿಲೇಟ್ ಕೊಡಿ, ಮಾದರಿ ಒಂಬತ್ತು ಅಕ್ಷರದ್ದು: ಮೊದಲು ‘T’, ಆಮೇಲೆ ಎಂಟು ನಕ್ಷತ್ರ ಚಿಹ್ನೆ; ಎರಡರ ಒಳಭಾಗಗಳು ಒಂದರ ಮೇಲೊಂದು ಬಿದ್ದಿರಬೇಕು ಎಂದು ಅದರ ಅರ್ಥ. ರಿಲೇಟ್ ತಾನಾಗಿ ಇಂಡೆಕ್ಸ್ (ಹುಡುಕಾಟ ವೇಗವಾಗಿಸುವ ಸೂಚಿ) ಬಳಸುವುದಿಲ್ಲ, ಇಂಟರ್‌ಸೆಕ್ಟ್ಸ್ ಬಳಸುತ್ತದೆ.

ಎರಡೂ ವಸ್ತುಗಳು ಮಸುಕಾಗಿದ್ದರೆ ನಾಲ್ಕು ಜೋಡಿ ನೋಡಬೇಕು. ‘ಜೊಂಡು ಕೆರೆಯೊಳಗಿರಬೇಕು’ ಎಂಬುದರ ಬಿಗಿಯಾದ ರೂಪ: ಜೊಂಡಿನ ಗರಿಷ್ಠ ಕೆರೆಯ ಕನಿಷ್ಠದೊಳಗೆ. ಸಡಿಲ ರೂಪ: ಜೊಂಡಿನ ಕನಿಷ್ಠ ಕೆರೆಯ ಗರಿಷ್ಠದೊಳಗೆ. ಯಾವುದೆಂದು ಹೇಳದ ನಿಯಮವನ್ನು ಕೋಡ್ ಬರೆಯುವವರು ತಮಗೆ ತೋಚಿದಂತೆ ಓದುತ್ತಾರೆ. ಕನಿಷ್ಠಗಳು ಒಂದರ ಮೇಲೊಂದು ಬಿದ್ದು ಗರಿಷ್ಠಗಳು ದೂರವಿರುವುದು ಅಸಾಧ್ಯ. ಅಂಥ ಸಂಯೋಜನೆಗಳನ್ನು ಮೊದಲೇ ಹೊಡೆದುಹಾಕಿ.

ಚೆಕ್ ತನ್ನ ಸಾಲನ್ನು ಮಾತ್ರ ನೋಡುತ್ತದೆ. ಎರಡು ಟೇಬಲ್‌ಗಳ ನಡುವಿನ ನಿಯಮಕ್ಕೆ ಕನ್‌ಸ್ಟ್ರೇಂಟ್ ಟ್ರಿಗರ್ (ಸಾಲು ಬದಲಾದಾಗ ತಾನಾಗಿ ಓಡುವ ತಪಾಸಣೆ) ಬೇಕು. ಅದನ್ನು ಎರಡೂ ಟೇಬಲ್‌ಗಳಿಗೆ ಹಾಕಿ, ಇಲ್ಲದಿದ್ದರೆ ಕೆರೆಯ ಅಂಚು ಬದಲಾದಾಗ ತಾಕುಗಳ ತಪಾಸಣೆ ಆಗುವುದೇ ಇಲ್ಲ. ಡಿಫರ್ಡ್ ಇಟ್ಟರೆ ತಪಾಸಣೆ ಟ್ರಾನ್ಸಾಕ್ಷನ್‌ನ ಕೊನೆಗೆ ನಡೆಯುತ್ತದೆ, ಹಾಗಾಗಿ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಎರಡನ್ನೂ ತಿದ್ದಬಹುದು.