ಮೂಳೆ ಗಂಟಿಗೆ ಎಕ್ಸ್‌ರೇ ತೆಗೆಸುವುದು ಹೇಗೆ?

ಹದಿಹರೆಯದ ಮಕ್ಕಳ ಮೊಣಕಾಲಿನ ಹತ್ತಿರ ಕಲ್ಲಿನಂಥ ಗಂಟು ಕೈಗೆ ಸಿಕ್ಕಿದರೆ ಮನೆಮಂದಿಯ ಎದೆ ಧಸಕ್ಕೆನ್ನುತ್ತದೆ. ಕ್ಯಾನ್ಸರ್ ಅಲ್ಲದ ಮೂಳೆ ಗಂಟುಗಳಲ್ಲಿ ಜಾಸ್ತಿ ಕಾಣುವುದು ಆಸ್ಟಿಯೊಕಾಂಡ್ರೋಮ. ಆದರೆ ಅದೇ ವಯಸ್ಸಿನಲ್ಲಿ, ಅದೇ ಜಾಗದಲ್ಲಿ ಮೂಳೆ ಕ್ಯಾನ್ಸರೂ ಬರಬಹುದು. ಹಾಗಾಗಿ ಮುಟ್ಟಿ ನೋಡಿ ತೀರ್ಮಾನಿಸುವಂತಿಲ್ಲ.

ಹಂತ 1: ಎಣ್ಣೆ ತಿಕ್ಕುವುದನ್ನು ನಿಲ್ಲಿಸಿ. ಗಂಟು ಕರಗಿಸುತ್ತದೆ ಎಂದು ಮಾರುವ ತೈಲ, ಮುಲಾಮು ಎಲ್ಲ ದುಡ್ಡು ದಂಡ. ಮೂಳೆ ಯಾವ ಮುಲಾಮಿಗೂ ಕರಗುವುದಿಲ್ಲ.

ಹಂತ 2: ಮೂಳೆ ಡಾಕ್ಟರರಿಂದ ಎಕ್ಸ್‌ರೇ ಚೀಟಿ ಬರೆಸಿ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ, ಉಡುಪಿ ಜಿಲ್ಲಾಸ್ಪತ್ರೆ, ಮಣಿಪಾಲ, ಎಲ್ಲಾದರೂ ಸರಿ. ಸುಮ್ನೆ ಮೊದಲೇ ಎಂಆರ್‌ಐಗೆ ಓಡಬೇಡಿ.

ಹಂತ 3: ಜನ ಎಡವುವುದು ಇಲ್ಲೇ. ಒಂದು ಎಕ್ಸ್‌ರೇ ಸಾಲದು. ಎದುರಿನಿಂದ ಒಂದು, ಪಕ್ಕದಿಂದ ಒಂದು ಬೇಕೇ ಬೇಕು. ಗಂಟು ಹಿಂಬದಿಗಿದ್ದರೆ ಎದುರಿನ ಚಿತ್ರದಲ್ಲಿ ಅದು ಮೂಳೆಯ ನೆರಳಲ್ಲೇ ಅಡಗಿಬಿಡುತ್ತದೆ. ಡಾಕ್ಟರರು ಹುಡುಕುವುದು ಗಂಟಿನ ಬುಡವನ್ನು. ಮೂಳೆಯ ಗಟ್ಟಿ ಹೊರಪದರ ಕಡಿಯದೆ ಗಂಟಿನ ಮೇಲೂ ಮುಂದುವರಿದಿದೆಯಾ, ಒಳಗಿನ ಮಜ್ಜೆಯೂ ಗಂಟಿನೊಳಗೆ ಸೇರಿದೆಯಾ ಎಂದು ನೋಡುತ್ತಾರೆ. ಮರದಿಂದ ಕೊಂಬೆ ಕವಲೊಡೆದ ಹಾಗೆ ಎರಡೂ ಒಂದೇ ಆಗಿದ್ದರೆ ಅದು ಆಸ್ಟಿಯೊಕಾಂಡ್ರೋಮ. ಗಂಟಿಗೆ ಹೂವಿನ ಹಾಗೆ ತೊಟ್ಟು ಇದ್ದರೆ ಅದು ಸಾಮಾನ್ಯವಾಗಿ ಕೀಲಿಗೆ ಬೆನ್ನು ಹಾಕಿ ಬೆಳೆದಿರುತ್ತದೆ.

ಈ ಬುಡ ಕಾಣಬೇಕಾದರೆ ಗಂಟು ಎಲ್ಲಿದೆ ಎಂದು ಟೆಕ್ನಿಷಿಯನ್‌ಗೆ ಬೆರಳಿಟ್ಟು ತೋರಿಸಿ. ಚೀಟಿಯಲ್ಲಿ ಬರೀ ‘ಮೊಣಕಾಲು’ ಎಂದಿದ್ದು, ಗಂಟು ತೊಡೆಯ ಕಡೆ ಮೇಲಿದ್ದರೆ ಫಿಲ್ಮಿನ ಅಂಚಿನಲ್ಲಿ ಅರ್ಧವೇ ಬರುತ್ತದೆ. ಗಂಟು ಪೂರ್ತಿ ಬರಬೇಕು, ಪಕ್ಕದ ಕೀಲೂ ಬರಬೇಕು. ಮಗು ಕಾಲು ತಿರುಗಿಸಿ ಚಿತ್ರ ಕೆಟ್ಟರೆ ಇನ್ನೊಮ್ಮೆ ತೆಗೆಯಲು ಕೇಳಿ. ಕೈಕಾಲಿನ ಎಕ್ಸ್‌ರೇಯಲ್ಲಿ ವಿಕಿರಣ ತೀರಾ ಕಡಿಮೆ, ಹೆದರಬೇಡಿ. ಜಿಪ್ಪು, ಗುಂಡಿ ಇಲ್ಲದ ಸಡಿಲ ಚಡ್ಡಿ ಹಾಕಿಸಿಕೊಂಡು ಹೋಗಿ.

ಹಂತ 4: ಡಾಕ್ಟರರು ಹೇಳಿದರೆ ಎಂಆರ್‌ಐ. ಗಂಟಿನ ತಲೆಯ ಮೇಲಿನ ಮೃದ್ವಸ್ಥಿಯ, ಅಂದರೆ ಮೆತ್ತನೆಯ ಎಲುಬಿನ, ಟೋಪಿ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ, ಎಂಆರ್‌ಐಯಲ್ಲಿ ಅದರ ದಪ್ಪ ಅಳೆಯಬಹುದು. ಬೆಳವಣಿಗೆ ಮುಗಿದ ದೊಡ್ಡವರಲ್ಲಿ ಅದು 2 ಸೆಂ.ಮೀ. ದಾಟಿದರೆ ಕ್ಯಾನ್ಸರಿನ ಅನುಮಾನ ಪಡಬೇಕು. ದೊಡ್ಡವರಾದ ಮೇಲೂ ಗಂಟು ಬೆಳೆಯುತ್ತಿದ್ದರೆ, ಹೊಸದಾಗಿ ನೋವು ಶುರುವಾದರೆ ತಡಮಾಡಬೇಡಿ. ಸೊಂಟದ ಮೂಳೆ, ಹೆಗಲ ಮೂಳೆಯ ಗಂಟಿಗೆ ಸಿಟಿ ಸ್ಕ್ಯಾನ್ ಬೇಕಾಗಬಹುದು.

ಹಂತ 5: ಫಿಲ್ಮು ಜೋಪಾನ. ಮಕ್ಕಳಲ್ಲಿ ಗಂಟು ಅವರ ಜೊತೆಗೇ ಬೆಳೆಯುತ್ತದೆ. ಎಷ್ಟು ಬೆಳೆದಿದೆ ಎಂದು ಹೇಳಲು ಹಳೆಯ ಫಿಲ್ಮು ಬೇಕಲ್ವಾ? ಟ್ಯೂಬ್‌ಲೈಟಿಗೆ ಹಿಡಿದು ತೆಗೆದ ವಾಟ್ಸಾಪ್ ಫೋಟೋದಲ್ಲಿ ಬುಡವೇ ಕಾಣುವುದಿಲ್ಲ, ಸಿಡಿ ಕೇಳಿ ಪಡೆಯಿರಿ. ಲ್ಯಾಮಿನೇಷನ್ ಮಾತ್ರ ಮಾಡಿಸಲೇಬೇಡಿ, ಡ್ರೈ ಫಿಲ್ಮು (ಬಿಸಿಯಿಂದಲೇ ಚಿತ್ರ ಮೂಡಿಸುವ ಫಿಲ್ಮು) ಬಿಸಿಗೆ ಕಪ್ಪಾಗುತ್ತದೆ. ಮೇ ತಿಂಗಳ ಬಿಸಿಲಲ್ಲಿ ಕಾರಿನೊಳಗೂ ಬಿಡಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುವೆ ಒಣ ಕಾಗದ ಇಡಿ. ಫಿಲ್ಮು ಕೈಗೆ ಬಂದ ಕೂಡಲೇ ಹೆಸರು, ತಾರೀಖು, ಎಡ-ಬಲದ ಗುರುತು ಸರಿಯಿದೆಯಾ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ.